ದಿನಕ್ಕೆ ಅರ್ಧ ಗಂಟೆ, ನಮ್ಮೂರಿನ ಕಛೇರಿ: ಆಕಾಶವಾಣಿಯ ಶಾಸ್ತ್ರೀಯ ಸಂಗೀತ ಎಲ್ಲಿಗೆ ಬಂತು?

ಮೂಡಿಗೆರೆ ಹತ್ತಿರದ ಒಂದು ತೋಟದ ಮನೆಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಎಂಬತ್ತು ದಾಟಿದೆ. ಅಡುಗೆಮನೆಯ ಗೂಡಿನಲ್ಲಿ ಅವರದೊಂದು ರೇಡಿಯೊ. ಅದರ ಏರಿಯಲ್‌ಗೆ ತಂತಿ ಸುತ್ತಿ, ಕಿಟಕಿಯಿಂದ ಹೊರಗೆ ಎಳೆದು, ಸಿಲ್ವರ್ ಮರಕ್ಕೆ ಕಟ್ಟಿಸಿದ್ದಾರೆ. ತ್ಯಾಗರಾಜರ ಆರಾಧನೆಯ ದಿನ, ಅಂದರೆ ಪುಷ್ಯ ಬಹುಳ ಪಂಚಮಿಗೆ, ನಾನು ಹಾಸನದಿಂದ ಅಲ್ಲಿಗೆ ಹೋಗಿದ್ದೆ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಬೆಳಿಗ್ಗೆಯೇ ಸ್ನಾನ ಮುಗಿಸಿ ದೊಡ್ಡಮ್ಮ ರೇಡಿಯೊ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು.

ತ್ಯಾಗರಾಜರ ಸಮಾಧಿ ಇರುವ ತಿರುವೈಯಾರಿನಿಂದ ಅವರ ಐದು ಪಂಚರತ್ನ ಕೃತಿಗಳ ನೇರಪ್ರಸಾರ ಶುರುವಾಯಿತು. ನಾಟ, ಗೌಳ, ಆರಭಿ ರಾಗದವು ಚೆನ್ನಾಗಿ ಕೇಳಿದವು. ವರಾಳಿಗೆ ಬರುವ ಹೊತ್ತಿಗೆ ಬರೀ ಗೊರಗೊರ. "ಸ್ವಲ್ಪ ಆ ಕಡೆ ತಿರುಗ್ಸೋ ಮಗಾ" ಅಂದರು. ತಿರುಗಿಸಿದೆ. ತಂತಿ ಎಳೆದು ನೋಡಿದೆ. ಶ್ರೀರಾಗ ಅರ್ಧ ಆದಮೇಲೆ ದನಿ ಮತ್ತೆ ಸಿಕ್ಕಿತು. ಅಷ್ಟೂ ಹೊತ್ತು ದೊಡ್ಡಮ್ಮ ಎದ್ದಿರಲಿಲ್ಲ. ಗೊರಗೊರದ ಒಳಗಿಂದಲೇ ತಾಳ ಹಾಕುತ್ತಿದ್ದರು.

ಅದೇ ಸಂಜೆ ಅರ್ಧ ಗಂಟೆಯ ಒಂದು ಕಛೇರಿ ಬಂತು. ನಮ್ಮ ಕಡೆಯ ಗಾಯಕಿಯೊಬ್ಬರ ಹಾಡುಗಾರಿಕೆ. ಬೆಳಗಿನ ಪಂಚರತ್ನಕ್ಕಿಂತ ಇದನ್ನು ದೊಡ್ಡಮ್ಮ ಹೆಚ್ಚು ಗಮನ ಕೊಟ್ಟು ಕೇಳಿದರು. "ಇವಳ ಗುರು ಯಾರಿರಬಹುದು?" ಅಂತ ಎರಡು ಸಲ ಕೇಳಿದರು. ಆವತ್ತು ರಾತ್ರಿ ಹಾಸನಕ್ಕೆ ವಾಪಸ್ ಬರುವಾಗ ಆ ಪ್ರಶ್ನೆಯೇ ತಲೆಯಲ್ಲಿತ್ತು. ಒಂದು ವಿಶೇಷ ದಿನ ರೇಡಿಯೊ ತುಂಬಾ ಶಾಸ್ತ್ರೀಯ ಸಂಗೀತ ಬಂದರೆ ಖುಷಿಯೇ. ಆದರೆ ನಮ್ಮ ಭಾಗಕ್ಕೆ ಅದಕ್ಕಿಂತ ಮುಖ್ಯವಾದದ್ದು ಆ ಸಂಜೆಯ ಅರ್ಧ ಗಂಟೆ. ಕಡಿಮೆಯಾಗುತ್ತಿರುವುದೂ ಅದೇ.

ಹಾಸನ ಕೊಟ್ಟಿದ್ದು

ರೇಡಿಯೊಗೂ ನಮ್ಮ ಸಂಗೀತಕ್ಕೂ ಇರುವ ನಂಟು ಹಳೆಯದು. 1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಅದಕ್ಕೆ 'ಆಕಾಶವಾಣಿ' ಅಂತ ಹೆಸರು ಸೂಚಿಸಿದವರು ನಾ. ಕಸ್ತೂರಿ. ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ನಿಂತಿತು. 2023ರ ಮೇ ತಿಂಗಳಿಂದ 'ಆಲ್ ಇಂಡಿಯಾ ರೇಡಿಯೊ' ಅನ್ನುವುದನ್ನು ಬಿಟ್ಟು ಎಲ್ಲ ಭಾಷೆಗಳಲ್ಲೂ ಆಕಾಶವಾಣಿ ಎಂದೇ ಕರೆಯಬೇಕು ಎಂಬ ಆದೇಶವೂ ಬಂತು.

ಸ್ವಾತಂತ್ರ್ಯ ಬಂದಮೇಲೆ ಅರಮನೆಗಳು ಸಂಗೀತಗಾರರನ್ನು ಸಾಕುವ ಕಾಲ ಮುಗಿಯಿತು. ಆ ಜಾಗಕ್ಕೆ ಬಂದದ್ದು ರೇಡಿಯೊ. ತಿಂಗಳ ಸಂಬಳ, ಕೆಲಸದ ಭದ್ರತೆ, ಹಾಡಲು ಒಂದು ಮೈಕು. ಇಷ್ಟನ್ನು ಒಟ್ಟಿಗೆ ಕೊಡುವ ಬೇರೆ ಜಾಗ ಆಗ ಇರಲಿಲ್ಲ. ಈ ಕೆಲಸಕ್ಕೆ ಹಾಸನ ಜಿಲ್ಲೆ ಕಳಿಸಿಕೊಟ್ಟವರನ್ನು ನೋಡಿ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ರುದ್ರಪಟ್ಟಣ ಒಂದು ಸಣ್ಣ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ದುಡಿದರು. ಅವರು ರೇಡಿಯೊದಲ್ಲಿ ಮಾಡುತ್ತಿದ್ದ ಸಂಗೀತ ಪಾಠ ಕೇಳಿ ಕೃತಿ ಕಲಿತವರು ಎಷ್ಟೋ ಊರುಗಳಲ್ಲಿದ್ದಾರೆ. 2011ರಲ್ಲಿ ಪದ್ಮಭೂಷಣ ಬಂತು. ಅವರ ಅಣ್ಣ ಆರ್.ಕೆ. ವೆಂಕಟರಾಮ ಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ರುದ್ರಪಟ್ಟಣ ಸಹೋದರರು ಅಂತ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅದೇ ಊರಿನ ಬೇರಿನವರು. ಆರ್.ಕೆ. ಪದ್ಮನಾಭ ಅಲ್ಲಿ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತೆಗಳ ಮಂದಿರ ಕಟ್ಟಿಸಿದ್ದಾರೆ. ವರ್ಷ ವರ್ಷ ಸಂಗೀತೋತ್ಸವ ನಡೆಸುತ್ತಾ ಬಂದಿದ್ದಾರೆ.

ಇನ್ನು ವೀಣೆ ದೊರೆಸ್ವಾಮಿ ಅಯ್ಯಂಗಾರ್. ಅವರೂ 1920ರಲ್ಲೇ, ಇದೇ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದವರು. ಬೆಂಗಳೂರು ಆಕಾಶವಾಣಿಯಲ್ಲಿ ಸಂಗೀತ ವಿಭಾಗ ನೋಡಿಕೊಂಡರು. ಮೈಸೂರು ಬಾನಿಯ ವೀಣೆ ಕರ್ನಾಟಕದ ಮನೆಮನೆಗೆ ತಲುಪಿದ್ದರಲ್ಲಿ ಅವರ ರೇಡಿಯೊ ಕಛೇರಿಗಳ ಪಾಲು ದೊಡ್ಡದು. ಶ್ರೀಕಂಠನ್, ದೊರೆಸ್ವಾಮಿ ಅಯ್ಯಂಗಾರ್ ರೇಡಿಯೊದಲ್ಲಿ ಹಾಡಿ, ನುಡಿಸಿ ಹೋಗುವ ಅತಿಥಿಗಳಾಗಿರಲಿಲ್ಲ. ಅದರ ಒಳಗೇ ಕೆಲಸ ಮಾಡಿದರು. ಕಾರ್ಯಕ್ರಮ ರೂಪಿಸಿದರು, ಕಿರಿಯರನ್ನು ಕೂರಿಸಿ ಧ್ವನಿಮುದ್ರಣ ಮಾಡಿಸಿದರು. ಇದನ್ನು ಮರೆತರೆ ಇವತ್ತಿನ ಸಮಸ್ಯೆ ಏನು ಅಂತ ಅರ್ಥವಾಗುವುದಿಲ್ಲ.

ಬಿ ದರ್ಜೆ ಎಂಬ ಮೆಟ್ಟಿಲು

ಆಕಾಶವಾಣಿಯಲ್ಲಿ ಹಾಡಬೇಕು ಅಂದರೆ ಆಡಿಷನ್ ಪಾಸಾಗಬೇಕು. ಕಲಾವಿದರಿಗೆ ಬಿ, ಬಿ ಹೈ, ಎ, ಎ ಟಾಪ್ ಅಂತ ದರ್ಜೆಗಳಿವೆ. ಕೆಳಗಿನ ಮೆಟ್ಟಿಲು ಸ್ಥಳೀಯ ಆಡಿಷನ್‌ನಲ್ಲಿ ಸಿಗುತ್ತದೆ. ಮೇಲಿನವು ದೆಹಲಿಯ ಮಂಡಳಿ ತನಕ ಹೋಗಬೇಕು. ಇದರಲ್ಲಿ ನನಗೆ ತುಂಬಾ ಗೌರವ ಹುಟ್ಟಿಸುವ ಸಂಗತಿ ಒಂದಿದೆ. ಹಾಡುವವರ ಮುಖ, ಹೆಸರು ತೀರ್ಪುಗಾರರಿಗೆ ತಿಳಿಯದ ಹಾಗೆ, ದನಿಯನ್ನು ಮಾತ್ರ ಕೇಳಿ ತೀರ್ಮಾನ ಮಾಡುವ ಪದ್ಧತಿ ಅದು. ನೀನು ಯಾರ ಮಗ, ಯಾವ ಜಾತಿ, ಯಾವ ವಿದ್ವಾಂಸರ ಶಿಷ್ಯ ಅಂತ ಆ ಗಾಜಿನ ಆಚೆ ಕೂತವರಿಗೆ ಗೊತ್ತಾಗಬಾರದು. ಶ್ರುತಿ ನಿಂತಿದೆಯಾ, ಲಯ ಇದೆಯಾ, ರಾಗದ ತಿಳಿವಳಿಕೆ ಇದೆಯಾ, ಅಷ್ಟೇ.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಸಂಗೀತದ ಮೇಷ್ಟ್ರೊಬ್ಬರಿದ್ದರು. ಬಿ ದರ್ಜೆ ಕಲಾವಿದರು. ವರ್ಷಕ್ಕೆ ಕೆಲವೇ ಸಲ ಅವರ ಹಾಡುಗಾರಿಕೆ ಬರುತ್ತಿತ್ತು. ಆ ದಿನ ಬೀದಿಯ ಎಲ್ಲ ಮನೆಯ ರೇಡಿಯೊಗಳೂ ಒಂದೇ ಕೇಂದ್ರಕ್ಕೆ ತಿರುಗಿರುತ್ತಿದ್ದವು. ಮೇಷ್ಟ್ರು ಮಾತ್ರ ಮನೆಯಲ್ಲಿ ಕೂರುತ್ತಿರಲಿಲ್ಲ. ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಾ ಪ್ರತಿ ಮನೆಯ ಕಿಟಕಿಯಿಂದ ತಮ್ಮದೇ ದನಿ ಕೇಳುತ್ತಿದ್ದರು. ಮಾರನೇ ದಿನ ಅವರ ಪಾಠಕ್ಕೆ ಇಬ್ಬರೋ ಮೂವರೋ ಹೊಸ ಮಕ್ಕಳು ಸೇರುತ್ತಿದ್ದರು. ಆ ಅರ್ಧ ಗಂಟೆ ಅವರಿಗೆ ಕೊಡುತ್ತಿದ್ದ ಸಂಭಾವನೆ ಹೆಚ್ಚೇನಲ್ಲ. ಆದರೆ 'ಆಕಾಶವಾಣಿ ಕಲಾವಿದರು' ಎಂಬ ಎರಡು ಪದ ಅವರ ಜೀವನ ನಡೆಸಿತು.

ಸ್ಥಳೀಯ ಕಛೇರಿಯ ಜಾಗಕ್ಕೆ ಬೆಂಗಳೂರಿನದೋ ದೆಹಲಿಯದೋ ಸಹಪ್ರಸಾರ, ಅಂದರೆ ಅಲ್ಲಿಯ ಕಾರ್ಯಕ್ರಮವೇ ಇಲ್ಲಿಗೂ, ಬಂದಾಗ ಕೇಳುವವನಿಗೆ ನಷ್ಟ ಕಾಣಿಸುವುದಿಲ್ಲ. ಬರುವ ಸಂಗೀತ ಇನ್ನೂ ಉತ್ತಮವಾಗಿಯೇ ಇರಬಹುದು. ಎ ಟಾಪ್ ಕಲಾವಿದರು, ಒಳ್ಳೆಯ ಪಕ್ಕವಾದ್ಯ, ಶುದ್ಧವಾದ ಮುದ್ರಣ. ನಷ್ಟ ಆಗುವುದು ಮೇಷ್ಟ್ರಂಥವರಿಗೆ. ಅವರ ಅರ್ಧ ಗಂಟೆ ಹೋಯಿತು. ಅದರ ಜೊತೆಗೆ ಅವರಿಗೆ ಮೃದಂಗ ನುಡಿಸುತ್ತಿದ್ದ ಹುಡುಗನ ಅರ್ಧ ಗಂಟೆಯೂ ಹೋಯಿತು. ಮುಂದಿನ ಬೀದಿಯ ಹುಡುಗಿ ಆಡಿಷನ್‌ಗೆ ಕೂರಲು ಕಾರಣವೂ ಹೋಯಿತು. ಹತ್ತು ವರ್ಷ ಕಳೆದ ಮೇಲೆ ಆ ದೊಡ್ಡ ಕೇಂದ್ರಕ್ಕೂ ಹೊಸ ಎ ಟಾಪ್ ಕಲಾವಿದರು ಎಲ್ಲಿಂದ ಬರಬೇಕು? ಶ್ರೀಕಂಠನ್ ಅವರು ರುದ್ರಪಟ್ಟಣದಿಂದಲೇ ಹೋದದ್ದು ಅಲ್ವಾ?

ಇದು ಯಾರೋ ಒಬ್ಬ ಅಧಿಕಾರಿಯ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಣ್ಣ ಕೇಂದ್ರದಲ್ಲಿ ಒಂದು ಕಛೇರಿ ಮುದ್ರಿಸುವುದು ಸುಲಭದ ಕೆಲಸವಲ್ಲ. ಗಾಯಕರಿಗೆ ಪತ್ರ ಹೋಗಬೇಕು. ಪಿಟೀಲು, ಮೃದಂಗ ಹೊಂದಿಸಬೇಕು. ಸ್ಟುಡಿಯೊ ಬಿಡುವಿರಬೇಕು. ರಾಗ ಗೊತ್ತಿರುವ ಕಾರ್ಯಕ್ರಮ ನಿರ್ವಾಹಕರೊಬ್ಬರು ಕೂತು ಕೇಳಬೇಕು. ಹಿಂದೆ ನಿಲಯದ ಕಲಾವಿದರು ಅಂತಲೇ ಇರುತ್ತಿದ್ದರು. ತಂಬೂರಿ ಮೀಟುವುದಕ್ಕೂ ಜನ ಇದ್ದರು. ಅವರು ನಿವೃತ್ತರಾದಾಗ ಆ ಜಾಗ ಖಾಲಿಯೇ ಉಳಿಯುವುದು ಎಲ್ಲ ಕಡೆ ಕೇಳಿಬರುವ ದೂರು. ಜನ ಇಲ್ಲದಾಗ ಸಹಪ್ರಸಾರದ ಗುಂಡಿ ಒತ್ತುವುದು ಸಹಜವಾದ ದಾರಿ. 2021ರ ಜನವರಿಯಲ್ಲಿ ಕೇಂದ್ರಗಳು ಮುಚ್ಚುತ್ತವೆ ಎಂಬ ಸುದ್ದಿ ಹಬ್ಬಿದಾಗ ಆಕಾಶವಾಣಿ, ದೂರದರ್ಶನ ನಡೆಸುವ ಪ್ರಸಾರ ಭಾರತಿ ಅದನ್ನು ಅಲ್ಲಗಳೆದಿತ್ತು. ಕೇಂದ್ರ ಮುಚ್ಚದಿರಲಿ, ಸರಿ. ಆದರೆ ಬಾಗಿಲು ತೆರೆದಿದ್ದೂ ಒಳಗೆ ಯಾರೂ ಹಾಡದೇ ಇದ್ದರೆ ಅದು ಬರೀ ಕಟ್ಟಡ.

ಬೆಟ್ಟ ಅಡ್ಡ ಬಂದಾಗ

ದೊಡ್ಡಮ್ಮನ ಮನೆಯ ಗೊರಗೊರಕ್ಕೆ ಕಾರಣ ಬೇರೆ. ಅದು ಭೂಗೋಳದ್ದು.

ಹಳಬರಿಗೆ ಭದ್ರಾವತಿ ಕೇಂದ್ರದ ಮೀಡಿಯಂ ವೇವ್ ನೆನಪಿರುತ್ತದೆ. 675 ಕಿಲೋಹರ್ಟ್ಸ್. ಆ ತರಂಗದ ಉದ್ದ ಸುಮಾರು 444 ಮೀಟರ್. ಅಷ್ಟು ಉದ್ದದ ಅಲೆ ನೆಲ ಹಿಡಿದು ಸಾಗುತ್ತದೆ, ಗುಡ್ಡಗಳನ್ನು ಬಳಸಿಕೊಂಡು ಹೋಗುತ್ತದೆ. ರಾತ್ರಿ ಹೊತ್ತು ಆಕಾಶದ ಮೇಲಿನ ಪದರಕ್ಕೆ ತಾಗಿ ಇನ್ನೂ ದೂರ ಬೀಳುತ್ತದೆ. ಹಾಸನ ಕೇಂದ್ರದ್ದು 102.2 ಮೆಗಾಹರ್ಟ್ಸ್‌ನ ಎಫ್‌ಎಂ. ಇದರ ಅಲೆಯ ಉದ್ದ ಮೂರು ಮೀಟರ್ ಕೂಡ ಇಲ್ಲ. ಇದು ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತದೆ. ಅಡ್ಡ ಬೆಟ್ಟ ಬಂದರೆ ಹಿಂದೆ ನೆರಳು. ಅರಸೀಕೆರೆ, ಕಡೂರು ಕಡೆಯ ಬಯಲಿನಲ್ಲಿ ದನಿ ಹಾಯಾಗಿ ಕೇಳಿದರೂ ಮಲೆನಾಡಿನ ಕಣಿವೆಗಳಲ್ಲಿ ತೊದಲುತ್ತದೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಆ ಸಾಲಿನ ಹಿಂದೆ, ಮುಂದೆ, ನಡುವೆ ಇರುವ ಮನೆಗಳಿಗೆ ಎಫ್‌ಎಂ ಅಂದರೆ ಅದೃಷ್ಟದ ಆಟ. ಬೆಟ್ಟಕ್ಕೆ ಬಡಿದು ಬಂದ ಅಲೆ ನೇರ ಬಂದ ಅಲೆಯ ಜೊತೆ ಸೇರಿ ಗೊರಗೊರ ಆಗುತ್ತದೆ. ರೇಡಿಯೊವನ್ನು ಒಂದು ಮೊಳ ಸರಿಸಿದರೆ ಸರಿಹೋಗುವುದೂ ಅದಕ್ಕೇ. ಚಿಕ್ಕಮಗಳೂರು ಜಿಲ್ಲೆ ಕಾರ್ಯಕ್ರಮಗಳಿಗೆ ಹಾಸನ, ಭದ್ರಾವತಿ ಕೇಂದ್ರಗಳನ್ನೇ ನೆಚ್ಚಿಕೊಂಡಿರುವುದರಿಂದ ಈ ನೆರಳಿನ ಕಷ್ಟ ಆ ಜಿಲ್ಲೆಗೆ ಜಾಸ್ತಿ.

ಹಾಗಂತ ಎಫ್‌ಎಂ ಬೇಡ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೀಡಿಯಂ ವೇವ್‌ನಲ್ಲಿ ದನಿಯ ಮೇಲಿನ ಭಾಗ ಸುಮಾರು 4,500 ಹರ್ಟ್ಸ್‌ಗೆ ಕತ್ತರಿಸಿ ಹೋಗುತ್ತದೆ. ಎಫ್‌ಎಂ 15,000ದ ತನಕ ಕೊಡುತ್ತದೆ. ಸಂಗೀತ ಕೇಳುವವರಿಗೆ ಇದು ಸಣ್ಣ ವಿಷಯ ಅಲ್ಲ. ತಂಬೂರಿಯ ಜೀವ ಇರುವುದೇ ಆ ಮೇಲಿನ ಅನುರಣನಗಳಲ್ಲಿ. ಮೀಡಿಯಂ ವೇವ್‌ನಲ್ಲಿ ತಂಬೂರಿ ಅಂದರೆ ದೂರದಲ್ಲಿ ಜೇನುಹುಳ ಹಾರಿದ ಹಾಗೆ. ಎಫ್‌ಎಂನಲ್ಲಿ ತಂತಿ ಜವೆಗೆ ತಾಗಿ ಅರಳುವುದು ಕೇಳುತ್ತದೆ. ವೀಣೆಯ ಮೀಟು, ಘಟದ ಮೇಲೆ ಉಗುರಿನ ಸದ್ದು ಎಲ್ಲ ಸಿಗುತ್ತದೆ. ಹಳೆಯದರಲ್ಲಿ ದೂರ ಸಿಗುತ್ತಿತ್ತು, ಹೊಸದರಲ್ಲಿ ದನಿ ಸಿಗುತ್ತಿದೆ. ಮಲೆನಾಡಿಗೆ ಎರಡೂ ಬೇಕು.

ಪ್ರಸಾರ ಭಾರತಿ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಹಂತ ಹಂತವಾಗಿ ನಿಲ್ಲಿಸುತ್ತಾ ಎಫ್‌ಎಂ ಕಡೆ ಹೊರಳಿದೆ. 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕ 'ಬಿಂಡ್' ಎಂಬ ಪ್ರಸಾರ ಜಾಲ ಸುಧಾರಣೆಯ ಯೋಜನೆಗೆ ಇಟ್ಟ ಹಣ ₹2,539.61 ಕೋಟಿ, ಆಕಾಶವಾಣಿ ಮತ್ತು ದೂರದರ್ಶನ ಎರಡಕ್ಕೂ ಸೇರಿ. ಎಫ್‌ಎಂ ತಲುಪುವ ಪ್ರದೇಶವನ್ನು ಶೇ 59ರಿಂದ 66ಕ್ಕೆ, ಜನಸಂಖ್ಯೆಯನ್ನು ಶೇ 68ರಿಂದ 80ಕ್ಕೆ ಏರಿಸುವುದು ಅದರ ಗುರಿ. ಅದೇ ವರ್ಷ ಏಪ್ರಿಲ್ 28ರಂದು ದೇಶದಲ್ಲಿ 100 ವಾಟ್‌ನ 91 ಎಫ್‌ಎಂ ಟ್ರಾನ್ಸ್‌ಮಿಟರ್‌ಗಳು ಒಟ್ಟಿಗೆ ಉದ್ಘಾಟನೆ ಆದವು. ಇದು ಒಳ್ಳೆಯ ದಾರಿ. ಬೆಟ್ಟದ ನೆರಳಿನ ಊರಿಗೆ ದೊಡ್ಡ ಟ್ರಾನ್ಸ್‌ಮಿಟರ್ ಬೇಕಿಲ್ಲ, ಕಣಿವೆಯನ್ನು ನೇರ ನೋಡುವ ಒಂದು ಸಣ್ಣದು ಸಾಕು. ಆದರೆ ಲೆಕ್ಕ ಗಮನಿಸಿ. ಗುರಿ ಪೂರ್ತಿ ಮುಟ್ಟಿದರೂ ಮೂರನೇ ಒಂದು ಭಾಗ ಪ್ರದೇಶ ಹೊರಗೇ ಉಳಿಯುತ್ತದೆ. ಆ ಒಂದು ಭಾಗ ಬಯಲು ಸೀಮೆಯಲ್ಲಿ ಇರುವುದಿಲ್ಲ. ಅದು ಇರುವುದು ಇಂಥ ಬೆಟ್ಟ, ಕಾಡುಗಳಲ್ಲೇ.

ಫೋನಿನಲ್ಲಿ ಎಲ್ಲಾ ಇದೆಯಲ್ಲ?

ಇದೆ. 2016ರ ಜನವರಿ 26ರಿಂದ 'ರಾಗಂ' ಅಂತ ಇಪ್ಪತ್ನಾಲ್ಕು ಗಂಟೆಯ ಶಾಸ್ತ್ರೀಯ ಸಂಗೀತ ವಾಹಿನಿಯನ್ನು ಆಕಾಶವಾಣಿಯೇ ಡಿಟಿಎಚ್ ಮತ್ತು ಆ್ಯಪ್ ಮೂಲಕ ಶುರುಮಾಡಿತು. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡೂ ಬರುತ್ತವೆ. ನಾನೇ ಅದರ ಕೇಳುಗ. ಕಾರಿನಲ್ಲಿ ಹಾಸನದಿಂದ ಬೇಲೂರಿಗೆ ಹೋಗುವಾಗ ಕೇಳುತ್ತೇನೆ.

ದೊಡ್ಡಮ್ಮನಿಗೂ ಹಾಕಿಕೊಟ್ಟೆ. ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್. ಕರೆಂಟು ಹೋದರೆ ಅದೂ ಇಲ್ಲ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟು ಎಷ್ಟು ದಿನ ಹೋಗುತ್ತದೆ ಅಂತ ಅಲ್ಲಿದ್ದವರಿಗೇ ಗೊತ್ತು. ಮೂರು ಸೆಲ್ ಹಾಕಿದ ರೇಡಿಯೊ ಆಗಲೂ ಹಾಡುತ್ತದೆ. ಇದು ಒಂದು ಮಾತು.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ. ಫೋನಿನಲ್ಲಿ ಹುಡುಕಿದವನಿಗೆ ಸಿಗುತ್ತದೆ. ಬಿಲಹರಿ ಬೇಕು ಅಂತ ಗೊತ್ತಿದ್ದವನು ಬಿಲಹರಿ ಕೇಳುತ್ತಾನೆ. ಬಿಲಹರಿ ಅಂತ ಒಂದು ರಾಗ ಇದೆ ಎಂಬುದು ತಿಳಿಯದವನಿಗೆ ಯಾರು ಹೇಳಬೇಕು? ರೇಡಿಯೊದಲ್ಲಿ ಅದನ್ನು ಹೇಳುತ್ತಿದ್ದವರು ಉದ್ಘೋಷಕರು. ರಾಗ ಇದು, ತಾಳ ಇದು, ರಚನೆ ಇಂಥವರದು. ಹಾಡು ಮುಗಿದ ಮೇಲೆ ಮತ್ತೊಮ್ಮೆ. ಕೊನೆಗೆ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು. ದೊಡ್ಡಮ್ಮ ಸಂಗೀತ ಕಲಿತವರಲ್ಲ. ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಐವತ್ತು ವರ್ಷ ಒಲೆ ಮುಂದೆ ಕೂತು ಆ ಎರಡು ಸಾಲು ಕೇಳಿ ಕೇಳಿ ಈಗ ಮೂವತ್ತು, ನಲವತ್ತು ರಾಗ ಗುರುತಿಸುತ್ತಾರೆ. ನಾನು ಹಾಕಿಕೊಟ್ಟ ವಿಡಿಯೊದಲ್ಲಿ ಹಾಡು ಮುಗಿದು ತಾನಾಗಿ ಇನ್ನೊಂದು ಶುರುವಾದಾಗ ಅವರು ಕೇಳಿದ ಪ್ರಶ್ನೆ: "ಯಾರು ಹಾಡಿದ್ದು ಅಂತ ಹೇಳಲೇ ಇಲ್ವಲ್ಲೋ?"

ಹೊತ್ತಿಗೆ ತಕ್ಕ ರಾಗ ಎಂಬುದನ್ನೂ ಜನ ಕಲಿತದ್ದು ಹೀಗೆಯೇ. ಬೆಳಿಗ್ಗೆ ಶಿವರಂಜನಿಯ ಛಾಯೆಯ ಆ ಪರಿಚಯ ರಾಗ. 1936ರಲ್ಲಿ ವಾಲ್ಟರ್ ಕೌಫ್‌ಮನ್ ಎಂಬ ಪರದೇಶದ ಸಂಗೀತಗಾರ ಕಟ್ಟಿದ್ದು. ಆಮೇಲೆ ವಂದೇ ಮಾತರಂ, ಭಕ್ತಿಗೀತೆ, ಮಲಯಮಾರುತವೋ ಬೌಳಿಯೋ. ಸಂಜೆಗೆ ಕಲ್ಯಾಣಿ, ಪೂರ್ವಿಕಲ್ಯಾಣಿ. ಮಲಗುವ ಹೊತ್ತಿಗೆ ನೀಲಾಂಬರಿ. ಹಿಂದೂಸ್ತಾನಿಯಲ್ಲಿ ಈ ಕಟ್ಟುಪಾಡು ಇನ್ನೂ ಬಿಗಿ. ಹಾಸನ, ಚಿಕ್ಕಮಗಳೂರಿನ ಎಷ್ಟೋ ಜನ ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ಮೊದಲು ಕೇಳಿದ್ದು ರೇಡಿಯೊದಲ್ಲೇ.

ಗಮಕದ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ವಿಷಯವೂ ಹೇಳಲೇಬೇಕು. ಒಬ್ಬರು ಓದುವುದು, ಒಬ್ಬರು ಅರ್ಥ ಬಿಡಿಸುವುದು. ದನಿ ಬಿಟ್ಟರೆ ಬೇರೇನೂ ಬೇಡದ ಕಲೆ. ರೇಡಿಯೊಗೆ ಇದಕ್ಕಿಂತ ಹೊಂದುವ ಕಲೆ ನಾನು ಕಾಣೆ. ಜೈಮಿನಿ ಭಾರತದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು. ಅವನ ವಾರ್ಧಕ ಷಟ್ಪದಿಯನ್ನು ಅದೇ ಸೀಮೆಯ ಗಮಕಿಯೊಬ್ಬರ ದನಿಯಲ್ಲಿ ಕೇಳುವುದು ಬೆಂಗಳೂರಿನಿಂದ ಬರುವ ಯಾವ ಸಹಪ್ರಸಾರದಲ್ಲೂ ಆಗುವ ಕೆಲಸವಲ್ಲ. ಶೃಂಗೇರಿಯ ನವರಾತ್ರಿ ಕಛೇರಿಗಳು, ಸಕಲೇಶಪುರ ಕಡೆಯ ಸುಗ್ಗಿ ಹಾಡುಗಳು, ಸೋಬಾನೆ ಪದಗಳು ಕೂಡ ಹಾಗೆಯೇ. ಹತ್ತಿರ ಇರುವವರೇ ಹೋಗಿ ಮುದ್ರಿಸಿಕೊಳ್ಳಬೇಕು.

ಎಷ್ಟು ಬೇಕು?

ಇಡೀ ದಿನ ಶಾಸ್ತ್ರೀಯ ಸಂಗೀತ ಹಾಕಿ ಅಂತ ಕೇಳುವ ಸ್ನೇಹಿತರಿದ್ದಾರೆ. ನಾನು ಆ ಕಡೆ ಇಲ್ಲ. ಇದಕ್ಕೆ ಚರಿತ್ರೆಯಲ್ಲೇ ಪಾಠ ಇದೆ. 1952ರಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತಕ್ಕೆ ತುಂಬಾ ಮಾಡಿದರು. ಅದೇ ವರ್ಷ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾಯಿತು. 1954ರಲ್ಲಿ ಆಕಾಶವಾಣಿ ಸಂಗೀತ ಸಮ್ಮೇಳನ ಬಂತು. ಆದರೆ ಅವರ ಕಾಲದಲ್ಲೇ ಸಿನಿಮಾ ಹಾಡುಗಳು ಆಕಾಶವಾಣಿಯಿಂದ ಹೆಚ್ಚುಕಡಿಮೆ ಮಾಯವಾದವು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್‌ಗೆ ಹೋದರು. ಕೊನೆಗೆ 1957ರ ಅಕ್ಟೋಬರ್‌ನಲ್ಲಿ ಆಕಾಶವಾಣಿಯೇ ವಿವಿಧ ಭಾರತಿ ತೆರೆಯಬೇಕಾಯಿತು. ಬೇಡದವರ ಬಾಯಿಗೆ ತುರುಕಿದರೆ ಯಾವ ಸಂಗೀತವೂ ಇಳಿಯುವುದಿಲ್ಲ.

ಆರಾಧನೆಯಂಥ ದಿನ ಹಬ್ಬದೂಟ. ವರ್ಷಕ್ಕೆ ಒಂದೆರಡು ಸಲ ಸಾಕು. ನಾನು ಕೇಳುವುದು ದಿನಾ ಒಂದು ತುತ್ತು. ದಿನಕ್ಕೆ ಅರ್ಧ ಗಂಟೆ, ಗೊತ್ತಾದ ಹೊತ್ತಿಗೆ, ನಮ್ಮ ಎರಡು ಜಿಲ್ಲೆಗಳ ಕಲಾವಿದರದ್ದು. ವಾರದಲ್ಲಿ ಒಂದು ದಿನ ಗಮಕ. ಒಂದು ದಿನ ಹೊಸದಾಗಿ ಆಡಿಷನ್ ಪಾಸಾದವರಿಗೆ. ಹೊತ್ತು ಬದಲಾಗಬಾರದು, ಇದು ಬಹಳ ಮುಖ್ಯ. ಒಲೆ ಮೇಲೆ ಸಾರು ಇಟ್ಟವರು, ಅಂಗಡಿ ಬಾಗಿಲು ತೆರೆಯುವವರು ಹೊತ್ತು ನೋಡಿಯೇ ರೇಡಿಯೊ ಹಾಕುವುದು. ನಾವು ಕೇಳುತ್ತಿದ್ದ ಒಂದು ಕೇಂದ್ರದಲ್ಲಿ ಒಮ್ಮೆ ಸಂಜೆಯ ಕಛೇರಿ ಹೇಳದೆ ಕೇಳದೆ ನಿಂತುಹೋಗಿ ಆ ಜಾಗಕ್ಕೆ ಬೇರೆ ಏನೋ ಬಂತು. ಒಂದು ವಾರ ಕಾದೆವು. ಎರಡು ವಾರಕ್ಕೆ ನಮ್ಮ ಮನೆಯಲ್ಲಿ ಆ ಹೊತ್ತಿಗೆ ರೇಡಿಯೊ ಹಾಕುವ ರೂಢಿಯೇ ತಪ್ಪಿತು. ಆಮೇಲೆ ಆ ಕಛೇರಿ ವಾಪಸ್ ಬಂತಾ ಇಲ್ಲವಾ, ನಮಗೆ ತಿಳಿಯಲೇ ಇಲ್ಲ. ಕೇಳುಗರು ಕಡಿಮೆಯಾದರು ಅನ್ನುವ ಲೆಕ್ಕದ ಒಳಗೆ ಇಂಥ ಮನೆಗಳೂ ಇರುತ್ತವೆ.

ಸ್ಟುಡಿಯೊಗೆ ಕರೆಸಿ ಮುದ್ರಿಸಲು ಜನ ಸಾಲದಿದ್ದರೆ, ಮೈಕನ್ನೇ ಊರಿಗೆ ಒಯ್ಯಬಹುದು. ಈಗಿನ ಮುದ್ರಣ ಯಂತ್ರ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ರುದ್ರಪಟ್ಟಣದ ಉತ್ಸವದಲ್ಲಿ ಎರಡು ದಿನ ಕೂತರೆ ಅರ್ಧ ಗಂಟೆಯ ಎಷ್ಟೋ ಕಂತುಗಳಾಗುತ್ತವೆ. ಅದೇ ಮುದ್ರಣವನ್ನು ಆ್ಯಪಿಗೂ ಕೊಡಲಿ. ಹೊರದೇಶದಲ್ಲಿರುವ ಹಾಸನದವರೂ ಕೇಳಲಿ. ಆದರೆ ಹಾಡಿದವರ ಹೆಸರು, ನುಡಿಸಿದವರ ಹೆಸರು ಹೇಳಿ ಕೊಡಲಿ.

ನಾನು ಹೊರಡುವ ಮುಂಚೆ ದೊಡ್ಡಮ್ಮ ಒಂದು ಅಂಚೆ ಕಾರ್ಡು ತೆಗೆದುಕೊಟ್ಟರು. ಡಬ್ಬಿಯಲ್ಲಿ ಇನ್ನೂ ಆರೇಳು ಇಟ್ಟಿದ್ದಾರೆ. ಅವರಿಗೆ ಕೈ ನಡುಗುತ್ತದೆ, ಹಾಗಾಗಿ ಅವರು ಹೇಳಿದರು, ನಾನು ಬರೆದೆ. ಕೇಂದ್ರದ ನಿರ್ದೇಶಕರಿಗೆ ನಮಸ್ಕಾರಗಳು. ಇವತ್ತು ಸಂಜೆಯ ಹಾಡುಗಾರಿಕೆ ಕೇಳಿದೆವು, ಷಣ್ಮುಖಪ್ರಿಯ ತುಂಬಾ ಚೆನ್ನಾಗಿತ್ತು. ಕೊನೆಯಲ್ಲಿ ಪಕ್ಕವಾದ್ಯದವರ ಹೆಸರು ಹೇಳುವಾಗ ನಮ್ಮ ಕಡೆ ಗೊರಗೊರ ಬಂತು. ಮೃದಂಗ ನುಡಿಸಿದ ಹುಡುಗ ಯಾರು ಅಂತ ದಯವಿಟ್ಟು ತಿಳಿಸಿ. ಮುಂದಿನ ಸಲ ಅವನದು ಯಾವತ್ತು ಇದೆ?

"ಹುಡುಗ ಅಂತ ಹೇಗೆ ಗೊತ್ತು ದೊಡ್ಡಮ್ಮ?" ಅಂದೆ.

"ಒಬ್ಬನೇ ನುಡಿಸೋ ತನಿ ಆವರ್ತನ ಸ್ವಲ್ಪ ಓಡಿಸಿದ. ಇನ್ನೂ ಚಿಕ್ಕವನು. ಬರಿ ನೀನು."